ಖರೀದಿ ತಂತ್ರಾಂಶ ನಿಧಾನವಾದಾಗ ಅಳೆದು ನೋಡಿದ್ದು

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ (ಒಣ ಕಾಫಿ ಸಂಸ್ಕರಿಸುವ) ಘಟಕದಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ರೋಬಸ್ಟಾ ಕೊಯ್ಲು ಬಿರುಸಾಗಿ ಚೆರಿ ಮೂಟೆಗಳ ಲಾರಿಗಳು ಗೇಟಿನಲ್ಲಿ ಸಾಲುಗಟ್ಟುವ ಹೊತ್ತಿಗೆ ಸರಿಯಾಗಿ, ಬೆಳೆಗಾರರ ಖಾತೆ ತೆರೆದು ತೂಕದ ಚೀಟಿ ಮುದ್ರಿಸುವ ತಂತ್ರಾಂಶ ತೀರಾ ನಿಧಾನವಾಯಿತು. ಇಂಟರ್‌ನೆಟ್ ವೇಗ ಹೆಚ್ಚಿಸಬೇಕು ಎಂದು ಕಚೇರಿಯವರು, ಹೊಸ ಸರ್ವರ್ ಬೇಕು ಎಂದು ತಂತ್ರಾಂಶದವರು ಹೇಳಿದರು. ತೂಕದ ಕಟ್ಟೆಯಿಂದ ಕಚೇರಿಯ ಸರ್ವರ್‌ಗೆ ಹೋಗುವ ದತ್ತಾಂಶ ಇಂಟರ್‌ನೆಟ್ ಮುಟ್ಟುವುದೇ ಇಲ್ಲವಾದ್ದರಿಂದ ಮೊದಲನೆಯ ಸಲಹೆಯನ್ನು ಅಲ್ಲಿಗೇ ಬಿಡಬಹುದಾಗಿತ್ತು. ಸರ್ವರ್‌ನ ಪ್ರೊಸೆಸರ್ ಬಹುಪಾಲು ಬಿಡುವಾಗಿಯೇ ಇದ್ದುದರಿಂದ ಎರಡನೆಯದೂ ನಿಲ್ಲಲಿಲ್ಲ.

ನಿಜವಾದ ಸುಳಿವು ಕೊಟ್ಟವರು ತೂಕದ ಗುಮಾಸ್ತರು. "ಸಾರ್, ಬೆಳಿಗ್ಗೆ ನಾನೊಬ್ಬನೇ ಇರುವಾಗ ಚೆನ್ನಾಗೇ ಓಡುತ್ತೆ, ಅಕೌಂಟ್ಸ್‌ನವರು ಬಂದು ಕೂತ ಮೇಲೆ ಶುರುವಾಗುತ್ತೆ ನೋಡಿ" ಎಂದರು. ನಮ್ಮದು ಆಕ್ಸೆಸ್ (ಮೈಕ್ರೋಸಾಫ್ಟ್‌ನ ದತ್ತಾಂಶ ತಂತ್ರಾಂಶ) ಕಡತವನ್ನು ಸರ್ವರ್‌ನ ಫೋಲ್ಡರ್‌ನಲ್ಲಿಟ್ಟು ಎಲ್ಲರೂ ಹಂಚಿಕೊಳ್ಳುವ ವ್ಯವಸ್ಥೆ. ಇದರಲ್ಲಿ ಸರ್ವರ್ ಕೇವಲ ಕಡತ ಕಾಯುತ್ತದೆ, ಹುಡುಕುವ ಕೆಲಸವೆಲ್ಲ ಬಳಕೆದಾರರ ಕಂಪ್ಯೂಟರ್‌ನದು. ಕಡತ ಒಬ್ಬರ ಕೈಯಲ್ಲೇ ಇರುವವರೆಗೆ ವಿಂಡೋಸ್ ಅದರ ಭಾಗಗಳನ್ನು ಅವರ ಕಂಪ್ಯೂಟರ್‌ನಲ್ಲೇ ಉಳಿಸಿಕೊಳ್ಳಲು ಅನುಮತಿ ಕೊಡುತ್ತದೆ. ಎರಡನೆಯವರು ತೆರೆದ ಕೂಡಲೇ ಆ ಅನುಮತಿ ರದ್ದಾಗಿ, ಪ್ರತಿಯೊಂದು ಓದು, ಬರಹ, ಬೀಗಕ್ಕೂ (ಒಬ್ಬರು ಬದಲಿಸುವಾಗ ಇನ್ನೊಬ್ಬರನ್ನು ತಡೆಯುವ ಗುರುತು) ಸರ್ವರ್‌ವರೆಗೆ ಹೋಗಿ ಬರಬೇಕಾಗುತ್ತದೆ. ಇದು ದೋಷವಲ್ಲ, ದತ್ತಾಂಶ ಕೆಡದಂತೆ ಮಾಡಿರುವ ಏರ್ಪಾಡು. ಫಾರ್ಮ್ ಮುಚ್ಚಿ ತೆರೆದಾಗಲೆಲ್ಲ ಯಾರು ತೆರೆದಿದ್ದಾರೆಂದು ಗುರುತಿಡುವ ಬೀಗದ ಕಡತ ಅಳಿದು ಮತ್ತೆ ಹುಟ್ಟುವುದನ್ನು ತಪ್ಪಿಸಲು, ಕೆಲಸ ಮುಗಿಯುವವರೆಗೆ ಒಂದು ಸಣ್ಣ ಟೇಬಲ್ ಹಿನ್ನೆಲೆಯಲ್ಲಿ ತೆರೆದೇ ಇರುವಂತೆ ಮಾಡಿಸಿದೆವು. ಅಷ್ಟರಿಂದಲೇ ಕಚೇರಿಯೊಳಗಿನ ಗೊಣಗಾಟ ಕಡಿಮೆಯಾಯಿತು.

ಗೋದಾಮಿನ ಕಂಪ್ಯೂಟರ್ ಮಾತ್ರ ಜಗ್ಗಲಿಲ್ಲ. ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶ) ಕೊಟ್ಟರೆ ಉತ್ತರ ತಕ್ಷಣ ಬರುತ್ತಿತ್ತು, ದೊಡ್ಡ ಕಡತ ನಕಲು ಮಾಡಿದರೆ ತೆವಳುತ್ತಿತ್ತು. ಕಂಪ್ಯೂಟರ್‌ಗಳನ್ನು ಜೋಡಿಸುವ ಸ್ವಿಚ್ಚಿನಲ್ಲಿ ಅದರ ಕೇಬಲ್ ಸೇರುವ ಪೋರ್ಟಿನ ಲೆಕ್ಕ ತೆಗೆದಾಗ ಸಿಆರ್‌ಸಿ ದೋಷಗಳ (ದಾರಿಯಲ್ಲಿ ಕೆಟ್ಟು ಬಂದ ದತ್ತಾಂಶದ ತುಣುಕುಗಳ) ಸಂಖ್ಯೆ ನೋಡುತ್ತಿದ್ದಂತೆಯೇ ಏರುತ್ತಿತ್ತು. ಮುಂಗಾರು ಪೂರ್ವದ ಸಿಡಿಲಿಗೆ ಹಳೆಯ ಸ್ವಿಚ್ ಸುಟ್ಟ ಮೇಲೆ (ಕೊಡಗಿನಲ್ಲಿ ಇದು ಹೊಸ ಸಂಗತಿಯಲ್ಲ) ಬಂದ ಬದಲಿ ಸ್ವಿಚ್ಚಿನಲ್ಲಿ ಆ ಪೋರ್ಟನ್ನು ಯಾರೋ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಫುಲ್ ಡ್ಯೂಪ್ಲೆಕ್ಸ್‌ಗೆ (ಏಕಕಾಲಕ್ಕೆ ಎರಡೂ ದಿಕ್ಕಿಗೆ ದತ್ತಾಂಶ ಸಾಗುವ ಸ್ಥಿತಿ) ಕಟ್ಟಿಹಾಕಿದ್ದರು. ಆಟೋದಲ್ಲಿದ್ದ (ತಾನೇ ಹೊಂದಿಸಿಕೊಳ್ಳುವ) ಕಂಪ್ಯೂಟರ್ ವೇಗವನ್ನು ಪತ್ತೆ ಹಚ್ಚಿದರೂ ಡ್ಯೂಪ್ಲೆಕ್ಸ್ ತಿಳಿಯದೆ ಹಾಫ್‌ಗೆ (ಒಂದು ಸಲಕ್ಕೆ ಒಂದೇ ದಿಕ್ಕು) ಇಳಿದಿತ್ತು. ಎರಡೂ ಬದಿಯನ್ನು ಆಟೋ ಮಾಡಿದ ಮೇಲೆ ದೋಷಗಳು ನಿಂತವು.

ಉಳಿದದ್ದು ಕ್ವೆರಿ, ಅಂದರೆ ದತ್ತಾಂಶದಿಂದ ಬೇಕಾದ್ದನ್ನು ಕೇಳುವ ಆದೇಶ. ಈ ವರ್ಷದ ಚೀಟಿಗಳನ್ನು ತೋರಿಸುವ ಫಾರ್ಮ್, ದಿನಾಂಕದ ಕಾಲಂನಿಂದ ವರ್ಷವನ್ನು ಬೇರ್ಪಡಿಸಿ ಹೋಲಿಸುತ್ತಿತ್ತು. ಹಾಗೆ ಮಾಡಿದರೆ ಆ ಕಾಲಂನ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ಸೂಚಿ) ಇದ್ದೂ ಇಲ್ಲದಂತೆ: ಪ್ರತಿ ಸಾಲನ್ನೂ ತಂದು ವರ್ಷ ಲೆಕ್ಕ ಹಾಕದೆ ಗತ್ಯಂತರವಿಲ್ಲ, ಅಂದರೆ ಹಳೆಯ ವರ್ಷಗಳ ಚೀಟಿಗಳೆಲ್ಲವೂ ಕೇಬಲ್ ಹಾದು ಬರಬೇಕು. "ಈ ದಿನಾಂಕದಿಂದ ಆ ದಿನಾಂಕದವರೆಗೆ" ಎಂದು ಷರತ್ತನ್ನು ಬದಲಿಸಿದಾಗ ಇಂಡೆಕ್ಸ್ ಕೆಲಸಕ್ಕೆ ಬಂದು ಬೇಕಾದ ಸಾಲುಗಳಷ್ಟೇ ಬಂದವು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಲಾಭ ಕೊಟ್ಟದ್ದು ಈ ಒಂದು ಸಾಲಿನ ತಿದ್ದುಪಡಿ. ಖರ್ಚು ಏನೂ ಇರಲಿಲ್ಲ.

ಸಿದ್ದಾಪುರದ ಖರೀದಿ ಕೇಂದ್ರದ ಸಮಸ್ಯೆಯೇ ಬೇರೆ. ಅವರು ವಿಪಿಎನ್ (ಇಂಟರ್‌ನೆಟ್ ಮೇಲಿನ ಖಾಸಗಿ ಸಂಪರ್ಕ) ಮೂಲಕ ಇದೇ ಕಡತ ತೆರೆಯುತ್ತಿದ್ದರು. ಒಂದು ಫಾರ್ಮ್ ತೆರೆಯಲು ಒಂದರ ಹಿಂದೊಂದು 1,000 ಕೋರಿಕೆಗಳು ಬೇಕೆನ್ನಿ. ಕಚೇರಿಯೊಳಗೆ ಪ್ರತಿ ಕೋರಿಕೆಗೆ ಅರ್ಧ ಮಿಲಿಸೆಕೆಂಡ್ ಹಿಡಿದರೆ ಒಟ್ಟು ಅರ್ಧ ಸೆಕೆಂಡ್. 40 ಮಿಲಿಸೆಕೆಂಡ್ ಹಿಡಿಯುವ ಸಂಪರ್ಕದಲ್ಲಿ 40 ಸೆಕೆಂಡ್. ಒಂದು ಸಲಕ್ಕೆ ಒಂದೇ ಮೂಟೆ ಸಾಗಿಸುವವನಿಗೆ ದೊಡ್ಡ ಲಾರಿ ಕೊಟ್ಟರೂ ಓಡಾಟ ತಪ್ಪುವುದಿಲ್ಲ, ಹಾಗೆಯೇ ಎಂಬಿಪಿಎಸ್ ಹೆಚ್ಚಿಸಿದರೆ ಈ ಕಾಯುವಿಕೆ ತಗ್ಗುವುದಿಲ್ಲ. ನಡುವೆ ಸಂಪರ್ಕ ಕಡಿದರೆ ಕಡತವೇ ಕೆಡುವ ಅಪಾಯವೂ ಇದೆ. ಆದ್ದರಿಂದ ಅವರಿಗೆ ರಿಮೋಟ್ ಡೆಸ್ಕ್‌ಟಾಪ್ ಕೊಟ್ಟೆವು: ತಂತ್ರಾಂಶ ಕುಶಾಲನಗರದಲ್ಲೇ ಓಡುತ್ತದೆ, ಪರದೆಯ ಚಿತ್ರ ಮತ್ತು ಕೀಲಿಮಣೆಯ ಒತ್ತುಗಳಷ್ಟೇ ಸಾಗುತ್ತವೆ.

ಟೇಬಲ್‌ಗಳನ್ನು ಎಸ್‌ಕ್ಯುಎಲ್ ಸರ್ವರ್‌ಗೆ (ಹುಡುಕುವ ಕೆಲಸವನ್ನು ಸರ್ವರ್‌ನಲ್ಲೇ ಮಾಡುವ ದತ್ತಾಂಶ ತಂತ್ರಾಂಶ) ವರ್ಗಾಯಿಸುವುದನ್ನು ಖರೀದಿಯಿಲ್ಲದ ಮಳೆಗಾಲಕ್ಕೆ ಇಟ್ಟುಕೊಂಡಿದ್ದೇವೆ. ಅದಕ್ಕೆ ಮೊದಲು, ಕಾಲಂ ಮೇಲೆ ಲೆಕ್ಕ ಹಾಕುವ ಉಳಿದ ಕ್ವೆರಿಗಳನ್ನೂ ತಿದ್ದಿ ಕೊಡಬೇಕೆಂದು ತಂತ್ರಾಂಶದವರಿಗೆ ಬರೆದಿದ್ದೇನೆ. ಇಲ್ಲವಾದರೆ ಅಲ್ಲಿಯೂ ಇಂಡೆಕ್ಸ್ ಸರಿಯಾಗಿ ಬಳಕೆಯಾಗುವುದಿಲ್ಲ.