ಬಕೆಟ್ ಲೆಕ್ಕ ಆಮೇಲೆ, ಮೊದಲು ಫ್ಲೋರ್ ನೋಡಿ

ಭೂಗತ ಕಲ್ಲಿದ್ದಲು ಗಣಿಗೆ ಲೋಡರ್ ಕೊಳ್ಳುವ ಮಾತು ಬಂದಾಗಲೆಲ್ಲ ಮೀಟಿಂಗ್‌ನಲ್ಲಿ ಮೊದಲು ಕೇಳುವುದು ಬಕೆಟ್ ಎಷ್ಟು ದೊಡ್ಡದು ಅಂತ. ಸುರತ್ಕಲ್‌ನಲ್ಲಿ ಮೈನಿಂಗ್ ಓದಿ ಛತ್ತೀಸ್‌ಗಢಕ್ಕೆ ಬಂದ ಹೊಸದರಲ್ಲಿ ನನಗೂ ಅದು ಸಹಜ ಅನಿಸುತ್ತಿತ್ತು. ಈಗ ಆ ಪ್ರಶ್ನೆ ಕೊನೆಗೆ ಬರಲಿ ಅನ್ನುತ್ತೇನೆ.

ನಮ್ಮದು ಬೋರ್ಡ್ ಅಂಡ್ ಪಿಲ್ಲರ್ ಗಣಿ, ಅಂದರೆ ಕಲ್ಲಿದ್ದಲಿನಲ್ಲಿ ಸುರಂಗ ಕೊರೆದು ನಡುವೆ ಕಂಬಗಳನ್ನು ಬಿಡುವ ಪದ್ಧತಿ. ಆ ಸುರಂಗಕ್ಕೆ ಗ್ಯಾಲರಿ ಅನ್ನುತ್ತೇವೆ. ಗ್ಯಾಲರಿ 4.2 ಮೀಟರ್ ಅಗಲ, 2.4 ಮೀಟರ್ ಎತ್ತರ. ಒಂದು ಬ್ಲಾಸ್ಟ್‌ಗೆ 1.2 ಮೀಟರ್ ಮುಂದೆ ಹೋದರೆ ಹೆಚ್ಚುಕಡಿಮೆ 17 ಟನ್ ಕಲ್ಲಿದ್ದಲು ಬೀಳುತ್ತದೆ. ಒಂದು ಘನ ಮೀಟರ್ ಬಕೆಟ್‌ನ ಎಸ್‌ಡಿಎಲ್ (ಸೈಡ್ ಡಿಸ್ಚಾರ್ಜ್ ಲೋಡರ್, ಬಕೆಟ್ ಪಕ್ಕಕ್ಕೆ ವಾಲಿಸಿ ಸುರಿಯುವಂಥದ್ದು) ಇದನ್ನು ಎತ್ತಲು ಇಪ್ಪತ್ತರ ಹತ್ತಿರ ಸಲ ಓಡಾಡಬೇಕು. ಒಂದೂವರೆ ಘನ ಮೀಟರ್‌ನ ಎಲ್‌ಎಚ್‌ಡಿಗೆ (ಲೋಡ್ ಹಾಲ್ ಡಂಪ್, ತುಂಬಿ ಹೊತ್ತೊಯ್ದು ಸುರಿಯುವ ಟೈರಿನ ಲೋಡರ್) ಹದಿಮೂರು ಸಾಕು. ಪೇಪರ್ ಮೇಲೆ ಎಲ್‌ಎಚ್‌ಡಿ ಗೆದ್ದೇ ಬಿಟ್ಟಿತು, ಅಲ್ವಾ?

ಆದರೆ ಬ್ಲಾಸ್ಟ್ ಆದ ತಕ್ಷಣ ಯಾವ ಯಂತ್ರವೂ ಒಳಗೆ ಹೋಗುವಂತಿಲ್ಲ. ಹೊಗೆ ಹೋಗಬೇಕು. ಸರ್ದಾರ್ (ಸುರಕ್ಷತೆ ನೋಡಿಕೊಳ್ಳುವ ಮೇಲ್ವಿಚಾರಕ) ಗ್ಯಾಸ್ ನೋಡಬೇಕು, ಸಡಿಲವಾದ ರೂಫ್ ಕೆಡವಬೇಕು, ತಾತ್ಕಾಲಿಕ ಸಪೋರ್ಟ್ ಕೊಡಬೇಕು. ಲೋಡಿಂಗ್ ಮುಗಿದ ಮೇಲೆ ರೂಫ್ ಬೋಲ್ಟ್ ಕೆಲಸ. ಲೋಡ್ ಮಾಡಲು ಇನ್ನೊಂದು ಫೇಸ್ (ಕಲ್ಲಿದ್ದಲು ಒಡೆಯುವ ಜಾಗ) ಸಿದ್ಧವಿಲ್ಲದಿದ್ದರೆ ದೊಡ್ಡ ಬಕೆಟ್ ಸುಮ್ನೆ ನಿಂತಿರುತ್ತದೆ.

ಇನ್ನು ಫ್ಲೋರ್. ನಮ್ಮಲ್ಲಿ ಕಲ್ಲಿದ್ದಲಿನ ಕೆಳಗೆ ಮೆತ್ತನೆಯ ಶೇಲ್ ಇದೆ. ನೀರು ಸೇರಿದರೆ ಉತ್ತ ಗದ್ದೆಯ ಹಾಗೆ. ಲೋಡ್ ತುಂಬಿದ ಎಲ್‌ಎಚ್‌ಡಿಯ ಟೈರು ಅಲ್ಲಿ ಒಂದೇ ಶಿಫ್ಟಿನಲ್ಲಿ ಗುಂಡಿ ಮಾಡುತ್ತದೆ. ಎಸ್‌ಡಿಎಲ್‌ಗೆ ಟೈರಿನ ಬದಲು ಟ್ಯಾಂಕಿಗಿರುವಂಥ ಕ್ರಾಲರ್ ಚೈನು ಇರುವುದರಿಂದ ಭಾರ ಹಂಚಿಹೋಗುತ್ತದೆ, ಅದು ದಾಟಿಕೊಂಡು ಹೋಗುತ್ತದೆ. ಇಳಿಜಾರಿನಲ್ಲೂ ಅದರದೇ ಮೇಲುಗೈ. ನಾಲ್ಕಕ್ಕೆ ಒಂದರಷ್ಟು ಇಳಿಜಾರಿನಲ್ಲಿ ಎಸ್‌ಡಿಎಲ್ ಕೆಲಸ ಮಾಡುತ್ತದೆ. ಅಲ್ಲಿಗೆ ಎಲ್‌ಎಚ್‌ಡಿ ಕಳಿಸಲು ನಾನಂತೂ ಸಹಿ ಹಾಕುವುದಿಲ್ಲ.

ಹಾಗಂತ ಎಲ್ಲ ಕಡೆ ಎಸ್‌ಡಿಎಲ್ ಅಂದರೆ ಅದೂ ಸರಿಯಲ್ಲ. ಅದು ನಿಧಾನ. ಅದು ಮಾಲು ಸುರಿಯುವ ಚೈನ್ ಕನ್ವೇಯರ್ ಫೇಸ್ ಹತ್ತಿರವೇ ಇರಬೇಕು. ಫೇಸ್ ಮುಂದೆ ಹೋದ ಹಾಗೆ ಕನ್ವೇಯರನ್ನೂ ಉದ್ದ ಮಾಡಬೇಕು. ಆ ಕೆಲಸಕ್ಕೆ ಜನ ಕಡಿಮೆ ಬಿದ್ದರೆ ಯಂತ್ರ ಹೋಗಿ ಬರುವುದರಲ್ಲೇ ಶಿಫ್ಟ್ ಮುಗಿಯುತ್ತದೆ. ಒಣಗಿದ, ಸಮತಟ್ಟಾದ ದಾರಿ ಇದ್ದರೆ ನೂರು ಮೀಟರ್ ದೂರವೂ ಎಲ್‌ಎಚ್‌ಡಿಗೆ ಕಷ್ಟವಲ್ಲ. ಹಾಗಾಗಿ ಆಪರೇಟರ್ ಎಷ್ಟು ಜನ ಅನ್ನುವುದಕ್ಕಿಂತ ಚೈನ್ ಕನ್ವೇಯರ್ ಕಟ್ಟುವವರು ಎಷ್ಟು ಜನ ಅಂತ ಮೊದಲು ಕೇಳುತ್ತೇನೆ.

ಎತ್ತರದ ಲೆಕ್ಕ ಹಾಕುವಾಗ ಆಪರೇಟರ್ ತಲೆ ಮೇಲಿನ ಕ್ಯಾನೊಪಿಯನ್ನೂ, ಸುರಿಯುವಾಗ ಬಕೆಟ್ ಮೇಲೇಳುವುದನ್ನೂ ಸೇರಿಸಿ. ಸೀಮ್ (ಕಲ್ಲಿದ್ದಲಿನ ಪದರ) ತೆಳುವಾದ ಕಡೆ 'ಕ್ಯಾನೊಪಿ ಬಿಚ್ಚಿದರಾಯ್ತು' ಅನ್ನುವವರಿದ್ದಾರೆ. ಅಂಥ ಜಾಗಕ್ಕೆ ಆ ಯಂತ್ರವೇ ಬೇಡ.

ಕೇಬಲ್ ಬಗ್ಗೆ ಯಾವ ಕಂಪನಿಯ ಸೇಲ್ಸ್‌ನವರೂ ಜಾಸ್ತಿ ಮಾತಾಡುವುದಿಲ್ಲ. ಈ ಎರಡು ಯಂತ್ರಗಳೂ ನಮ್ಮಲ್ಲಿ 550 ವೋಲ್ಟ್ ಕರೆಂಟಿನಲ್ಲಿ ಓಡುತ್ತವೆ. ಹಿಂದೆ ಬಾಲದಂತೆ ಟ್ರೇಲಿಂಗ್ ಕೇಬಲ್. ತಿರುವಿನಲ್ಲಿ ಅದು ಪಿಲ್ಲರ್ ಮೂಲೆಗೆ ಉಜ್ಜುತ್ತದೆ, ರಿವರ್ಸ್ ಬರುವಾಗ ಚಕ್ರಕ್ಕೆ ಸಿಗುತ್ತದೆ. ಹೆಲ್ಪರ್ ಇಡೀ ಶಿಫ್ಟ್ 'ಕೇಬಲ್ ಬಚಾಕೇ!' (ಕೇಬಲ್ ಜೋಪಾನ) ಅಂತ ಕೂಗುತ್ತಿರುತ್ತಾನೆ. ಮೀಥೇನ್ ಇರುವ ಜಾಗದಲ್ಲಿ ಒಂದು ಕಿಡಿ ಹಾರಿದರೂ ಸಾಕು. ಮೀಥೇನ್ ಶೇಕಡಾ 1.25 ದಾಟಿದರೆ ಕರೆಂಟ್ ಕಡಿಯಬೇಕೆಂದು ನಿಯಮವೇ ಇದೆ. ಹೊದಿಕೆ ಹರಿದ ಕೇಬಲ್‌ಗೆ ಟೇಪ್ ಸುತ್ತಿ ಓಡಿಸುವಂತಿಲ್ಲ. ಮೇಲೆ ತಂದು ವಲ್ಕನೈಸ್ ಮಾಡಿಸಬೇಕು. ಸ್ಪೇರ್ ಕೇಬಲ್ ಬೆಲೆ ಸೇರಿಸದ ಕೊಟೇಶನ್ ಅರ್ಧ ಕೊಟೇಶನ್.

ಕಂಟಿನ್ಯುಯಸ್ ಮೈನರ್ ಅನ್ನುವ ಯಂತ್ರ ಯಾಕೆ ಬೇಡ ಅಂತ ಹೊಸಬರು ಕೇಳುತ್ತಾರೆ. ಇದೇ ರಾಜ್ಯದ ಚಿರಿಮಿರಿ ಬಳಿ ಅಂಜನ್ ಹಿಲ್ ಗಣಿಗೆ ಅದು 2002ರಲ್ಲೇ ಬಂತು. ಕತ್ತರಿಸುವುದು, ತುಂಬುವುದು ಎರಡೂ ಅದೇ ಮಾಡುತ್ತದೆ, ಬ್ಲಾಸ್ಟ್ ಬೇಕಿಲ್ಲ. ಆದರೆ ದೊಡ್ಡ ಡಿಸ್ಟ್ರಿಕ್ಟ್ (ಗಣಿಯೊಳಗೆ ಕೆಲಸ ನಡೆಯುವ ಭಾಗ) ಬೇಕು, ಗಟ್ಟಿ ರೂಫ್ ಬೇಕು, ಅಷ್ಟು ಮಾಲು ಹೊರುವ ಬೆಲ್ಟ್ ಬೇಕು. ತುಂಡು ತುಂಡಾಗಿ ಉಳಿದಿರುವ ನಮ್ಮಂಥ ಹಳೇ ಗಣಿಗೆ ಹೊಂದುವುದಿಲ್ಲ.

ಸದ್ಯ ನಮ್ಮಲ್ಲಿ ಡಿಪ್ (ಇಳಿಜಾರು) ಕಡೆ ಎಸ್‌ಡಿಎಲ್, ಒಣಗಿದ ಲೆವೆಲ್‌ಗಳಲ್ಲಿ (ಸಮತಟ್ಟಾದ ಗ್ಯಾಲರಿಗಳಲ್ಲಿ) ಎಲ್‌ಎಚ್‌ಡಿ. ಈ ಸಲದ ಬೇಡಿಕೆ ಪಟ್ಟಿಯಲ್ಲಿ ಲೋಡರ್‌ಗಿಂತ ಮೇಲಿನ ಸಾಲಿನಲ್ಲಿ ಎರಡು ಪಂಪ್ ಬರೆದಿದ್ದೇನೆ. ಲೋಡರ್ ಕೇಳಿದರೆ ಪಂಪ್ ಯಾಕೆ ಅಂತ ಸ್ಟೋರ್ಸ್‌ನಿಂದ ಫೋನ್ ಬಂದಿತ್ತು. ಒಮ್ಮೆ ಗಮ್‌ಬೂಟ್ ಹಾಕಿಕೊಂಡು ಕೆಳಗೆ ಬನ್ನಿ ಸಾರ್ ಅಂದೆ.