ವಿಪ್ ಇರೋದು ಶಾಸಕರಿಗೆ, ನಮಗಲ್ಲ

ನಮ್ಮ ಬಾಗಲಕೋಟಿ ಜಿಲ್ಲಾದಾಗ ಕಬ್ಬಿನ ಸೀಜನ್ ಶುರು ಆತಂದ್ರ ರೇಟಿನ ಜಗಳದ ಜೊತಿಗೆ ಇನ್ನೊಂದು ಜಗಳಾನೂ ಶುರು ಆಗ್ತೈತಿ, ರೇಟ್ ಯಾರಿಂದ ಬರವಲ್ದು ಅನ್ನೋದು. ಮುಧೋಳದಾಗ ಕುಂದ್ರಿ, ಜಮಖಂಡ್ಯಾಗ ಕುಂದ್ರಿ, ಯಾವ ಚಾದಂಗಡ್ಯಾಗ ಕುಂತ್ರೂ ಇದ ಮಾತು. ಒಬ್ರು ಎಲ್ಲಾ ದಿಲ್ಲಿ ಸರ್ಕಾರದ್ದು ತಪ್ಪು ಅಂತಾರ, ಇನ್ನೊಬ್ರು ಎಲ್ಲಾ ಬೆಂಗಳೂರು ಸರ್ಕಾರದ್ದು ಅಂತಾರ. ಇಬ್ಬರ ಕಬ್ಬೂ ಒಂದ ಫ್ಯಾಕ್ಟರಿಗೆ ಹೋಗೈತಿ, ಇಬ್ಬರಿಗೂ ಬಿಲ್ ಬಂದಿಲ್ಲ, ಆದ್ರೂ ಒಬ್ಬರ ಮಾತು ಒಬ್ರು ಕೇಳಂಗಿಲ್ಲ.

ಸ್ವಲ್ಪ ಲೆಕ್ಕಾ ಹಾಕೋಣ್ರಿ. ಎಫ್‌ಆರ್‌ಪಿ, ಅಂದ್ರ ಫ್ಯಾಕ್ಟರಿಯವರು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ರೇಟು, ನಿಗದಿ ಮಾಡೋದು ಕೇಂದ್ರ ಸರ್ಕಾರ. 2025-26ಕ್ಕ ಅದು ಕ್ವಿಂಟಲ್ಲಿಗೆ 355 ರೂಪಾಯಿ, ಅಂದ್ರ ಟನ್ನಿಗೆ 3,550, ಅದೂ 10.25 ಪರ್ಸೆಂಟ್ ರಿಕವರಿ, ಅಂದ್ರ ಕಬ್ಬಿನಿಂದ ಅಷ್ಟು ಸಕ್ರಿ ಬಂದ್ರ. ಅದು ಫ್ಯಾಕ್ಟರಿ ಗೇಟಿನ ರೇಟು, ಹಂಗಾಗಿ ಕಟಾವು, ಸಾಗಾಣಿಕಿ ಖರ್ಚು ಅದರಾಗ ಮುರಕೊಂಡು ಉಳಿದದ್ದು ನಮ್ಮ ಕೈಗೆ ಬರ್ತೈತಿ. ಸಕ್ರಿಗೆ ಕನಿಷ್ಠ ಮಾರಾಟ ಬೆಲೆ ಹಾಕೋದೂ ದಿಲ್ಲಿನ, 2019ರಾಗ ಕೆಜಿಗೆ 31 ರೂಪಾಯಿ ಮಾಡಿದ್ದು ಎಫ್‌ಆರ್‌ಪಿ ಏರಿದ್ರೂ ವರ್ಷಗಟ್ಟಲೆ ಹಂಗ ಉಳೀತು, ಎಕ್ಸ್‌ಪೋರ್ಟಿಗೆ ಪರ್ಮಿಷನ್ ಕೊಡೋದೂ ಅವರ. ಸರಿ, ಇಷ್ಟು ದಿಲ್ಲಿ ಪಾಲು. ಆದ್ರ ಕಬ್ಬು ಕೊಟ್ಟ 14 ದಿನದಾಗ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ 15 ಪರ್ಸೆಂಟ್ ಬಡ್ಡಿ ಹಾಕಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಾಗ ಐತಲ್ಲ, ಅದನ್ನ ಜಾರಿ ಮಾಡಿಸೋರು ಯಾರು? ರಾಜ್ಯದ ಸಕ್ಕರೆ ಕಮಿಷನರು, ಜಿಲ್ಲಾದ ಡಿಸಿ. ತೂಕ, ರಿಕವರಿ ಸರಿ ಐತೋ ಇಲ್ಲೋ ಅಂತ ಚೆಕ್ ಮಾಡಿಸೋದೂ ರಾಜ್ಯದ ಕೆಲಸ. ಮತ್ತ ಫ್ಯಾಕ್ಟರಿ ನಡಸೋರ ಒಳಗ ಎಲ್ಲಾ ಪಾರ್ಟಿ ಮಂದಿ ಅದಾರ, ಇದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತೈತಿ.

ಅಂದ್ರ ಒಂದ ಬಿಲ್ಲಿನ್ಯಾಗ ದಿಲ್ಲಿ ಜವಾಬ್ದಾರಿ ಬ್ಯಾರೆ, ಬೆಂಗಳೂರು ಜವಾಬ್ದಾರಿ ಬ್ಯಾರೆ, ಫ್ಯಾಕ್ಟರಿ ಮಾಲೀಕರ ಜವಾಬ್ದಾರಿ ಬ್ಯಾರೆ. ಒಂದ ಪಾರ್ಟಿಗೆ ಅಂಟಕೊಂಡವಗ ಅದರಾಗ ಎದುರು ಪಾರ್ಟಿ ತಪ್ಪು ಅಷ್ಟ ಕಾಣ್ತೈತಿ, ಉಳಿದವರು ಆರಾಮ ತಪ್ಪಿಸ್ಕೋತಾರ. ಲುಕ್ಸಾನು ರೈತಗ. ನನಗ ಸಿಟ್ಟು ಬರೋದು ಇದಕ್ಕ.

ಶಾಸಕರು ಪಾರ್ಟಿ ಲೈನ್ ಬಿಟ್ಟು ಮಾತಾಡಂಗಿಲ್ಲ ಅಂದ್ರ ಅದಕ್ಕೊಂದು ಕಾರಣ ಐತಿ. 1985ರಾಗ 52ನೇ ತಿದ್ದುಪಡಿ ಮಾಡಿ ಪಕ್ಷಾಂತರ ನಿಷೇಧ ಕಾಯ್ದೆ ತಂದ್ರು, ವಿಪ್, ಅಂದ್ರ ಹಿಂಗ ವೋಟ್ ಹಾಕ್ರಿ ಅಂತ ಪಾರ್ಟಿ ಕೊಡೋ ಆದೇಶ, ಮೀರಿ ಸದನದಾಗ ವೋಟ್ ಹಾಕಿದ್ರ ಸೀಟ್ ಹೋಗಬಹುದು. ನಮಗ ಯಾರು ವಿಪ್ ಕೊಟ್ಟಾರ? ನಮ್ಮ ವೋಟು ಗುಟ್ಟಿಂದು, ನಮ್ಮ ತಲಿ ನಮ್ಮದು, ಹೊಲಾ ಮನಿ ನಮ್ಮವು. ಆದ್ರೂ ವಾಟ್ಸ್ಯಾಪ್‌ನಾಗ ಮುಂಜಾನೆ ಎದ್ದ ಕೂಡ್ಲೆ ಬಂದ ಫಾರ್ವರ್ಡು ಓದಿ ಅವತ್ತಿನ ಅಭಿಪ್ರಾಯ ಅದ ಅಂತ ಹೊಂಟುಬಿಡ್ತೀವಿ.

ಆ ಲೀಡರ್‌ಗಳು ತಾವ ಎಷ್ಟು ಗಟ್ಟಿಯಾಗಿ ಪಾರ್ಟಿ ಹಿಡ್ಕೊಂಡಾರ ಅನ್ನೋದಕ್ಕ ಬಾಜೂದ ಬೆಳಗಾವಿ ಜಿಲ್ಲಾದ ಅಥಣಿ ಕ್ಷೇತ್ರ ನೋಡ್ರಿ. 2018ರಾಗ ಕಾಂಗ್ರೆಸ್ಸಿನಿಂದ ಮಹೇಶ ಕುಮಠಳ್ಳಿ, ಬಿಜೆಪಿಯಿಂದ ಲಕ್ಷ್ಮಣ ಸವದಿ, ಗೆದ್ದವರು ಕುಮಠಳ್ಳಿ. ಮುಂದಿನ ವರ್ಷ ಕುಮಠಳ್ಳಿ ರಾಜೀನಾಮೆ ಕೊಟ್ಟು, ಅನರ್ಹ ಆಗಿ, ಬಿಜೆಪಿಗೆ ಬಂದು ಬೈ ಎಲೆಕ್ಷನ್ ಗೆದ್ರು. 2023ಕ್ಕ ಟಿಕೆಟ್ ಸಿಗಲಿಲ್ಲ ಅಂತ ಸವದಿ ಕಾಂಗ್ರೆಸ್ಸಿಗೆ ಹೋಗಿ ಕುಮಠಳ್ಳಿ ಎದುರು ನಿಂತು ಗೆದ್ರು. ಐದು ವರ್ಷದಾಗ ಇಬ್ಬರೂ ಪಾರ್ಟಿ ಅದಲು ಬದಲು ಆದ್ರು. ಜಗದೀಶ ಶೆಟ್ಟರ್ ಅವರು 2023ರ ಏಪ್ರಿಲ್‌ನಾಗ ಕಾಂಗ್ರೆಸ್ಸಿಗೆ ಹೋಗಿ, 2024ರ ಜನವರಿಗೆ ಬಿಜೆಪಿಗೆ ತಿರುಗಿ ಬಂದು, ಅದ ವರ್ಷ ಬೆಳಗಾವಿ ಎಂಪಿ ಆದ್ರು. ಹೋಗೋದು ಬರೋದು ಅವರ ಹಕ್ಕು, ಅವರನ್ನ ಬೈಯ್ಯಾಕ ಇದನ್ನ ಬರ್ಯಾಕತ್ತಿಲ್ಲ. ನನಗ ಚಿಂತಿ ಇರೋದು ಪಾರ್ಟಿ ಸಲುವಾಗಿ ಖಾಸ ಕಾಕಾನ ಮಗನ ಜೊತಿ ಮಾತು ಬಿಟ್ಟ ಹುಡುಗರದು. ಲೀಡರ್‌ಗಳು ಮತ್ತ ಒಂದಾಗ್ತಾರ, ಊರಾಗ ಮುರದ ಸಂಬಂಧ ಅಷ್ಟು ಲಗೂನ ಕೂಡಂಗಿಲ್ಲ.

ಹಂಗಂತ ಎಲ್ಲಾ ಪಾರ್ಟಿನೂ ಒಂದ, ಎಲ್ಲಾರೂ ಕಳ್ಳರು ಅನ್ನೋ ಮಾತನ್ನೂ ನಾ ಒಪ್ಪಂಗಿಲ್ಲ. ಅದೂ ವಿಚಾರ ಮಾಡೋ ತ್ರಾಸ ತಪ್ಪಿಸ್ಕೊಳ್ಳೋ ದಾರಿನ. ಪಾರ್ಟಿ ಬೇಕು, ಸಿದ್ಧಾಂತ ಬೇಕು, ಸದಸ್ಯ ಆದ್ರೂ ತಪ್ಪಿಲ್ಲ. ಆದ್ರ ಒಂದೊಂದು ವಿಷಯ ಬಿಡಿಸಿ ನೋಡಬೇಕು. ಶಕ್ತಿ ಯೋಜನೆ ಬಂದ ಮ್ಯಾಲೆ ಕೂಲಿ ಮಾಡೋ ಅಕ್ಕಂದಿರು ಯಾರ ಹಂತೇಕೂ ರೊಕ್ಕ ಕೇಳದ ವಿಜಯಪುರದ ದವಾಖಾನಿಗೆ ಹೋಗಿ ಬರ್ತಾರ, ಅದು ಚಲೋ ಕೆಲಸ. 2025ರಾಗ ಬೆಳಗಾವಿಯಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಬಿಟ್ರು, ಅದೂ ಚಲೋ ಆತು. ಇವೆರಡನ್ನೂ ಒಂದ ಬಾಯಿಲೆ ಹೇಳಿದ್ರ ಮಂದಿ ತಮ್ಮಾ ನೀ ಯಾವ ಕಡೆ ಅಂತ ಕೇಳ್ತಾರ. ಬಸ್ಸು ಸಾಲವಲ್ದು, ಶಾಲಿ ಹುಡುಗೂರು ಬಾಗಿಲಿಗೆ ಜೋತು ಬೀಳ್ತಾರ ಅಂತ ಮರುದಿನ ಅದ ಶಕ್ತಿ ಬಗ್ಗೆ ಪ್ರಶ್ನಿ ಕೇಳಿದ್ರ ಇನ್ನೊಂದು ಕಡೆಯವ ಅಂತಾರ.

ಆಲಮಟ್ಟಿ ಡ್ಯಾಮಿನ ವಿಚಾರ ತಗೊಳ್ರಿ. 519.60 ಮೀಟರ್‌ನಿಂದ 524.256 ಮೀಟರ್‌ವರೆಗೆ ನೀರು ನಿಲ್ಲಿಸಬಹುದು ಅಂತ 2010ರ ಡಿಸೆಂಬರ್‌ನಾಗ ಕೃಷ್ಣಾ ನೀರಿನ ಜಗಳದ ಟ್ರಿಬ್ಯೂನಲ್ ತೀರ್ಪು ಬಂತು. ಕೇಸು ಸುಪ್ರೀಂ ಕೋರ್ಟಿಗೆ ಹೋತು, ಗೆಜೆಟ್ ಆಗದ ವರ್ಷಗಟ್ಟಲೆ ಉಳೀತು. ಅಷ್ಟರಾಗ ದಿಲ್ಲ್ಯಾಗ ಯುಪಿಎ ಹೋಗಿ ಎನ್‌ಡಿಎ ಬಂತು, ಬೆಂಗಳೂರಾಗ ಮೂರೂ ಪಾರ್ಟಿ ಮುಖ್ಯಮಂತ್ರಿ ಆಗಿಹೋದ್ರು. ಮುಳುಗಡಿ ಊರಿನ ರೈತಗ ಬೋರ್ ಹಾಕಿಸಬೇಕೋ ಬ್ಯಾಡೋ, ಮನಿ ಕಟ್ಟಬೇಕೋ ಬ್ಯಾಡೋ ತಿಳೀವಲ್ದು. ಅವಗ ಯಾವ ಪಾರ್ಟಿ ಪೋಸ್ಟರಿನಿಂದ ಉತ್ತರ ಸಿಗ್ತೈತಿ ಹೇಳ್ರಿ?

ನಮ್ಮ ಹಿರಿಯರಿಗೆ ಕೆಲಸ ನೋಡಿ ಮನಷ್ಯಾನ ಅಳಿಯೋದು ಗೊತ್ತಿತ್ತು. ಚಿಕ್ಕಪಡಸಲಗಿ ಹತ್ರ ಕೃಷ್ಣಾ ನದಿಗೆ ರೈತರು ತಾವ ರೊಕ್ಕ ಕೂಡಿಸಿ ಬ್ಯಾರೇಜ್ ಕಟ್ಟಿದ್ರಲ್ಲ, ಅದರ ಮುಂದಾಳು ಸಿದ್ದು ನ್ಯಾಮಗೌಡ್ರು 1991ರಾಗ ಬಾಗಲಕೋಟಿ ಲೋಕಸಭಾದಾಗ ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅಂಥವರನ್ನ ಸೋಲಿಸಿದ್ರು. ಇವತ್ತಿಗೂ ವಯಸ್ಸಾದವರು ಅವರನ್ನ ಬ್ಯಾರೇಜ್ ಸಿದ್ದು ಅಂತನ ನೆನಸ್ತಾರ, ಯಾವ ಪಾರ್ಟಿ ಅನ್ನೋದು ಆಮ್ಯಾಲೆ ಮಾತು.

ಈಗಿನ ಮಂದಿಗೂ ಇದು ಬರಂಗಿಲ್ಲ ಅಂತಲ್ಲ. ಗ್ರಾಮ ಪಂಚಾಯ್ತಿ ಎಲೆಕ್ಷನ್‌ದಾಗ ಪಾರ್ಟಿ ಚಿನ್ಹೆ ಇಲ್ಲ. ಅಲ್ಲೂ ಜಾತಿ ನಡೀತೈತಿ, ರೊಕ್ಕ ನಡೀತೈತಿ, ಒಪ್ಪತೀನಿ, ಆದ್ರ ಗಟಾರ ಕಟ್ಟಿಸಿದವ ಯಾರು, ನರೇಗಾ ಕೂಲಿ ತಿಂದವ ಯಾರು, ರಾತ್ರಿ ಫೋನ್ ಮಾಡಿದ್ರ ಎದ್ದು ಬರೋನು ಯಾರು ಅಂತ ನಮ್ಮ ಓಣಿ ಅವ್ವಗೋಳು ಕಟ್ಟಿ ಮ್ಯಾಲೆ ಕುಂತು ಒಬ್ಬೊಬ್ಬರ ಲೆಕ್ಕಾ ತಗೀತಾರ. ಎಂಎಲ್‌ಎ, ಎಂಪಿ ಎಲೆಕ್ಷನ್ ಬಂದಾಗೂ ಆ ಕಟ್ಟಿ ಮ್ಯಾಲೆ ಹಂಗ ಲೆಕ್ಕಾ ತಗೀಲಿ ಅಂತ ನನ್ನ ಆಸೆ. ಪಾರ್ಟಿ ಮನಷ್ಯಾ ಮನಿಮನಿಗೆ ಬಂದಾಗ ನಮ್ಮ ಕಡೆಯವನ ಇದ್ರೂ ಬಿಡದ ಲೆಕ್ಕಾ ಕೇಳಬೇಕು.