ಲಾಲ್‌ಬಾಗ್ ಬಂಡೆಗೆ ಇನ್ನೂ 1160 ಹೆಜ್ಜೆ

2023ರ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಇವರು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿದ್ದರು. ಆರು ದಿನ, ಹನ್ನೊಂದು ಜಾಗ. ಒಂದೊಂದರ ಎದುರಿಗೂ ಎಷ್ಟು ಹೊತ್ತಿಗೆ ತಲುಪಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಮಕ್ಕಳು ಅಲ್ಲಿ ಏನು ಕಲಿಯಬೇಕು ಅನ್ನೋದು ಬೇರೆ. ಮೂರನೇ ದಿನ ಚಿಕ್ಕವನು ಕಾರಲ್ಲೇ ವಾಂತಿ ಮಾಡಿಕೊಂಡ. ನಾಲ್ಕನೇ ದಿನ ದೊಡ್ಡವಳು ಮ್ಯೂಸಿಯಂ ಬಾಗಿಲಲ್ಲೇ ನೆಲಕ್ಕೆ ಕೂತು "ನಾನು ಒಳಗೆ ಬರಲ್ಲ" ಅಂದಳು. ವಾಪಸ್ ಬಂದ ಮೇಲೆ ನಮ್ಮಮ್ಮ ಬೆಂಗಳೂರಿಂದ ಫೋನ್ ಮಾಡಿ "ಏನೇನು ನೋಡಿದ್ರೋ ಕಂದಾ?" ಅಂದರೆ ಇಬ್ಬರದೂ ಒಂದೇ ಉತ್ತರ: "ಹೋಟೆಲಲ್ಲಿ ಐಸ್ ಮೆಷಿನ್ ಇತ್ತು ಅಜ್ಜಿ, ಬಟನ್ ಒತ್ತಿದ್ರೆ ದಡದಡ ಅಂತ ಬೀಳತ್ತೆ!"

ಆವತ್ತೇ ತೀರ್ಮಾನ ಮಾಡಿದೆ. ಇನ್ನು ಮುಂದೆ ಒಂದು ಪ್ರವಾಸಕ್ಕೆ ಒಂದೇ ಜಾಗ, ಎಕ್ಸೆಲ್ ಶೀಟಿಗೆ ರಜೆ.

ನಾವಿರೋದು ಅರಿಜೋನಾದಲ್ಲಿ, ಫೀನಿಕ್ಸ್ ಪಕ್ಕದ ಚ್ಯಾಂಡ್ಲರ್‌ನಲ್ಲಿ. ಇಲ್ಲಿ ಜುಲೈ ಕೊನೆಗೇ ಶಾಲೆ ಶುರುವಾಗಿಬಿಡುವುದರಿಂದ ಅಕ್ಟೋಬರ್ ಹೊತ್ತಿಗೆ ಮಕ್ಕಳಿಗೆ ರಜೆ ಸಿಗುತ್ತದೆ, ಹೆಚ್ಚುಕಮ್ಮಿ ನಮ್ಮ ದಸರಾ ರಜೆ ಇದ್ದ ಹಾಗೆ. 2024ರ ಆ ರಜೆಗೆ ಆರಿಸಿದ ಒಂದೇ ಜಾಗ ಗ್ರ್ಯಾಂಡ್ ಕ್ಯಾನ್ಯನ್, ಅರಿಜೋನಾದ ಮಹಾ ಕಣಿವೆ. ಅಮ್ಮನೂ ಆಗ ಇಲ್ಲೇ ಇದ್ದರು. ಮಗಳು ನಾಲ್ಕನೇ ಕ್ಲಾಸು. ಅಮೆರಿಕದಲ್ಲಿ ನಾಲ್ಕನೇ ಕ್ಲಾಸಿನ ಮಗು ಮನೇಲಿದ್ದರೆ ಅದೊಂದು ಯೋಗ. ಆ ವರ್ಷ ಸೆಪ್ಟೆಂಬರಿಂದ ಮುಂದಿನ ಆಗಸ್ಟ್‌ವರೆಗೆ ಆ ಮಗುವಿಗೆ ರಾಷ್ಟ್ರೀಯ ಉದ್ಯಾನಗಳಿಗೆಲ್ಲ ಪುಕ್ಕಟೆ ಪಾಸು. ಅದೇ ಕಾರಲ್ಲಿರುವ ಉಳಿದವರಿಗೂ ಅದೇ ಸಾಕು. ಒಂದೇ ಷರತ್ತು: ವೆಬ್‌ಸೈಟಲ್ಲಿ ಸಿಗುವ ಚೀಟಿಯನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿರಬೇಕಿತ್ತು, ಆಗ ಫೋನಲ್ಲಿ ತೋರಿಸಿದರೆ ನಡೆಯುತ್ತಿರಲಿಲ್ಲ. ಮಗಳು ಲೈಬ್ರರಿಗೆ ಹೋಗಿ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು. ಗ್ರ್ಯಾಂಡ್ ಕ್ಯಾನ್ಯನ್‌ಗೆ ಆಗ ಕಾರೊಂದಕ್ಕೆ 35 ಡಾಲರ್ ಪ್ರವೇಶ ಶುಲ್ಕ ಇತ್ತು. ಅದು ಉಳಿದಿದ್ದಕ್ಕಿಂತ, "ನನ್ನ ಪಾಸಲ್ಲಿ ನಿಮ್ಮನ್ನೆಲ್ಲ ಕರ್ಕೊಂಡು ಹೋಗ್ತಿದೀನಿ" ಅನ್ನೋ ಅವಳ ಗತ್ತೇ ದೊಡ್ಡದಾಯಿತು.

ಫೀನಿಕ್ಸ್‌ನಿಂದ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ನಾಲ್ಕು ಗಂಟೆ ದಾರಿ. ಆರು ವರ್ಷದವನಿಗೆ ಕೆಲಸ ಕೊಟ್ಟಿದ್ದೆ: ಸವಾರೋ ಕಳ್ಳಿ, ಅದೇ ಎರಡು ಕೈ ಮೇಲೆತ್ತಿ ನಿಂತ ಮನುಷ್ಯನ ಹಾಗಿರುತ್ತಲ್ಲ, ಅದು ಕಟ್ಟಕಡೆಗೆ ಎಲ್ಲಿ ಕಾಣುತ್ತೆ ಅಂತ ಹೇಳಬೇಕು. ರಸ್ತೆ ಗುಡ್ಡ ಹತ್ತಿದ ಹಾಗೆ ಕಳ್ಳಿ ತೆಳುವಾಗಿ, ಒಂದು ತಿರುವಿನಲ್ಲಿ ಮಾಯವಾಯಿತು. ಚಳಿ ತಡೆಯಲ್ಲ ಅದಕ್ಕೆ. ಇನ್ನೊಂದು ಗಂಟೆಗೆಲ್ಲ ಎರಡೂ ಕಡೆ ಪೈನ್ ಕಾಡು. "ಬಂಡೀಪುರದಿಂದ ಊಟಿಗೆ ಹೋದ ಹಾಗಿದೆ" ಅಂದರು ಅಮ್ಮ. ಐಪ್ಯಾಡ್ ಚೀಲದಿಂದ ಹೊರಗೇ ಬರಲಿಲ್ಲ ಅಂದರೆ ಸುಳ್ಳಾದೀತು. ಬಂತು, ಆದರೆ ಪೈನ್ ಮರ ಬಂದ ಮೇಲೆ.

ಊಟದ ವಿಷಯ. ಅಮ್ಮ ಜೊತೆಗಿದ್ದಾರೆ ಅಂದ ಮೇಲೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್ ಇಲ್ಲದೆ ಹೊರಡೋ ಹಾಗಿಲ್ಲ. ನಾವು ಉಳಿದದ್ದು ಉದ್ಯಾನದ ಹೊರಗಿನ ಟುಸಾಯನ್ ಊರಲ್ಲಿ. ಮೊದಲ ರಾತ್ರಿ ಮನೆ ಅಳತೆಯಲ್ಲೇ ನೀರಿಟ್ಟು ಅನ್ನಕ್ಕಿಟ್ಟೆ. ಕುಕ್ಕರ್ ಟಿಕ್ ಅಂತ ವಾರ್ಮ್‌ಗೆ ಬಿತ್ತು. ನೋಡಿದರೆ ಅಗುಳಿನ ನಡುವೆ ಗಟ್ಟಿ ಗಟ್ಟಿ. ಅಮ್ಮ ನನ್ನ ಮುಖ ನೋಡಿದರು. ತಪ್ಪು ನನ್ನದಲ್ಲ, ಎತ್ತರದ್ದು. ಸುಮಾರು ಎರಡು ಸಾವಿರ ಮೀಟರ್ ಮೇಲೆ ನೀರು 93 ಡಿಗ್ರಿಗೇ ಕುದಿಯುತ್ತೆ, ಅದಕ್ಕಿಂತ ಬಿಸಿಯಾಗಲ್ಲ, ಅಕ್ಕಿ ಬೇಯೋಕೆ ಹೆಚ್ಚು ಹೊತ್ತು ಬೇಕು. ಇದನ್ನು ಮಕ್ಕಳಿಗೆ ಹೇಳಿದಾಗ ಮಗಳು ಹಸಿ ಅನ್ನ ಅಗಿಯುತ್ತಾ ಅಷ್ಟು ಗಮನ ಕೊಟ್ಟು ಕೇಳಿದ್ದನ್ನು ನಾನು ಯಾವ ಸೈನ್ಸ್ ಸೆಂಟರಲ್ಲೂ ಕಂಡಿಲ್ಲ. ಮಾರನೇ ದಿನ ಅಕ್ಕಿ ಅರ್ಧ ಗಂಟೆ ನೆನೆಸಿ, ಒಂದು ಲೋಟ ನೀರು ಜಾಸ್ತಿ ಹಾಕಿದೆ. ಮಲ್ಲಿಗೆ ಹೂವಿನ ಹಾಗಾಯಿತು.

ಉದ್ಯಾನದ ಕೇಂದ್ರದಲ್ಲಿ ಜೂನಿಯರ್ ರೇಂಜರ್ ಅಂತ ಪುಸ್ತಕ ಕೊಡುತ್ತಾರೆ, ಪುಕ್ಕಟೆ. ನೋಡಿ, ಚಿತ್ರ ಬರೆದು, ಪ್ರಶ್ನೆಗೆ ಉತ್ತರ ತುಂಬಿ ರೇಂಜರ್‌ಗೆ ತೋರಿಸಿದರೆ ಪ್ರಮಾಣ ವಚನ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ನಮ್ಮವರ ಮಾರ್ಕ್ಸ್ ರೋಗ ಇಲ್ಲಿ ಎದ್ದು ಕಾಣುತ್ತದೆ. ಪಾರ್ಕಿಂಗಲ್ಲಿ ಒಬ್ಬ ಅಪ್ಪ ಬಾನೆಟ್ ಮೇಲೆ ಪುಸ್ತಕ ಇಟ್ಟುಕೊಂಡು ಮಗನ ಪರವಾಗಿ ತುಂಬುತ್ತಿದ್ದರು. ನಗೋಕೆ ನನಗೇನೂ ಹಕ್ಕಿಲ್ಲ, ನಾನೂ ಕಾಂಡೋರ್ ಅನ್ನೋ ರಣಹದ್ದಿನ ಪ್ರಶ್ನೆಗೆ ಚಿಕ್ಕವನ ಕಿವಿಯಲ್ಲಿ ಉತ್ತರ ಊದಿದ್ದೆ. ರೇಂಜರ್ ಅವನ ಎದುರಿಗೆ ಮಂಡಿಯೂರಿ ಕೂತು ಅದೇ ಪ್ರಶ್ನೆ ಕೇಳಿದಳು. ಇವನು ಕಣ್ಣು ಕಣ್ಣು ಬಿಟ್ಟ. ಆಕೆ ಬೈಯಲಿಲ್ಲ, ಕಥೆ ಹೇಳಿದಳು. 1982ರಲ್ಲಿ ಇಡೀ ಲೋಕದಲ್ಲಿ ಉಳಿದಿದ್ದವು 22 ಕ್ಯಾಲಿಫೋರ್ನಿಯಾ ಕಾಂಡೋರ್. ಎಲ್ಲವನ್ನೂ ಹಿಡಿದು ಮರಿ ಮಾಡಿಸಿ, 1996ರಲ್ಲಿ ಅರಿಜೋನಾದ ಆಕಾಶಕ್ಕೆ ಮತ್ತೆ ಬಿಟ್ಟರು. ಈಗ ರೆಕ್ಕೆ ಮೇಲೆ ನಂಬರ್ ಇರುತ್ತೆ. ಅಲ್ಲಿಂದ ಮುಂದೆ ಎರಡು ದಿನ ಅವನು ಪ್ರತಿ ಕಾಗೆಯಲ್ಲೂ ನಂಬರ್ ಹುಡುಕಿದ.

ಎರಡನೇ ದಿನ ಬೆಳಗ್ಗೆ ಹೋಗಿದ್ದು ಟ್ರೇಲ್ ಆಫ್ ಟೈಮ್‌ಗೆ. ಇಲ್ಲಿಗೆ ಬರುವ ನಮ್ಮವರಿಗೆಲ್ಲ ನಾನು ಹೇಳೋದು ಇದೊಂದೇ ಜಾಗ. ಯಾವಪೈ ಮ್ಯೂಸಿಯಂನಿಂದ ಉದ್ಯಾನದೊಳಗಿನ ಹಳ್ಳಿ ಕಡೆಗೆ, ಕಣಿವೆಯ ಅಂಚಿನಲ್ಲೇ, ಸಮತಟ್ಟು ದಾರಿ. ನೆಲದಲ್ಲಿ ಮೀಟರಿಗೊಂದು ಕಂಚಿನ ಗುರುತು. ಒಂದು ಮೀಟರ್ ಅಂದರೆ ಹತ್ತು ಲಕ್ಷ ವರ್ಷ ಹಿಂದಕ್ಕೆ. ಮನುಷ್ಯ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ, ಅಂದರೆ ಜ್ಯಾಮಿಟ್ರಿ ಬಾಕ್ಸಿನ ದೊಡ್ಡಣ್ಣ, 30 ಸೆಂಟಿಮೀಟರಿನ ಸ್ಕೇಲಿನಷ್ಟು. ಕೊಲರಾಡೋ ನದಿ ಇಷ್ಟು ದೊಡ್ಡ ಕಣಿವೆ ಕೊರೆದದ್ದು ಐದಾರು ಹೆಜ್ಜೆ. ಚಿಕ್ಕವನು 66ಕ್ಕೆ ಓಡಿ "ಡೈನೋಸಾರ್ ಸತ್ತಿದ್ದು ಇಲ್ಲೇ!" ಅಂತ ನೆಲದ ಮೇಲೆ ಸತ್ತವನ ಹಾಗೆ ಬಿದ್ದುಕೊಂಡ.

ದಾರಿಯ ಪಕ್ಕದಲ್ಲಿ ಆಯಾ ಕಾಲದ ಬಂಡೆಗಳನ್ನು ಕಣಿವೆಯಿಂದ ತಂದು ನಿಲ್ಲಿಸಿದ್ದಾರೆ, ಮುಟ್ಟಿ ನೋಡಬಹುದು. ನಡುವೆ ಬೆಂಚುಗಳಿವೆ, ಅಮ್ಮನ ಮಂಡಿಗೆ ಅದೇ ದೊಡ್ಡ ಉಪಕಾರ. ಅಂಥ ಒಂದು ಬೆಂಚಲ್ಲಿ ಅಮ್ಮ ಕೋಡುಬಳೆ ತೆಗೆದಾಗ ಅಳಿಲೊಂದು ಸೀದಾ ಕಾಲ ಹತ್ತಿರ ಬಂತು. "ಪಾಪ, ರಾಮನ ಅಳಿಲು" ಅಂತ ಅಮ್ಮ ಚೂರು ಮುರಿದರು. "ಅಜ್ಜೀ, ಬೇಡ! ಕಚ್ಚತ್ತೆ, ಫೈನ್ ಬೇರೆ ಹಾಕ್ತಾರೆ" ಅಂತ ಮೊಮ್ಮಗ ಬ್ಯಾಡ್ಜ್ ಮುಂದೆ ಮಾಡಿದ. "ಇದಕ್ಕೆ ಬೆನ್ನ ಮೇಲೆ ಮೂರು ಗೆರೆಯೂ ಇಲ್ಲ ಬಿಡು" ಅಂತ ಅಮ್ಮ ಕೋಡುಬಳೆ ತಾವೇ ತಿಂದರು.

ಎದುರಿಗೆ ಕಾಣುವ ಶಿಖರಗಳಿಗೆ ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಅಂತ ಹೆಸರು. 1880ರ ದಶಕದ ಆರಂಭದಲ್ಲಿ ಇಲ್ಲಿ ಸಮೀಕ್ಷೆ ಮಾಡಿದ ಕ್ಲಾರೆನ್ಸ್ ಡಟ್ಟನ್ ಎಂಬ ಭೂವಿಜ್ಞಾನಿ ಹೀಗೆ ದೇವರ ಹೆಸರಿಡುವ ರೂಢಿ ಹಾಕಿದ. ವಿಷ್ಣು ಟೆಂಪಲ್ ಕೂಡ ಇದೆ, ಕಣಿವೆ ತಳದ ಕಪ್ಪು ಕಲ್ಲಿನ ಹೆಸರೂ ವಿಷ್ಣು ಶಿಸ್ಟ್. ಅಮ್ಮ ಕೈ ಮುಗಿದು, "ಗೋಪುರ ಕಟ್ಟೋ ಖರ್ಚು ಉಳೀತು" ಅಂದರು.

ಕೊನೆಗೆ 1840ರ ಗುರುತಿಗೆ ಬಂದೆವು. 184 ಕೋಟಿ ವರ್ಷ, ಈ ಕಣಿವೆಯ ಅತಿ ಹಳೇ ಕಲ್ಲು, ನೈಸ್ (gneiss) ಅನ್ನೋ ಪಟ್ಟೆಕಲ್ಲಿನ ಜಾತಿಯದು. ಅಮ್ಮ ಅದರ ಪಟ್ಟೆಗಳ ಮೇಲೆ ಕೈಯಾಡಿಸಿ, "ಇದು ಲಾಲ್‌ಬಾಗ್ ಬಂಡೆ ಇದ್ದ ಹಾಗೇ ಇದೆಯಲ್ಲೇ" ಅಂದರು. ಇಪ್ಪತ್ತು ವರ್ಷದಿಂದ ದಿನಾ ಬೆಳಗ್ಗೆ ಕೆಂಪೇಗೌಡರ ಗೋಪುರದ ಆ ಬಂಡೆ ಹತ್ತಿ ಇಳಿದವರು ಅವರು. ಫೋನಲ್ಲಿ ಹುಡುಕಿದೆ. ಅದೂ ನೈಸೇ, ಸುಮಾರು 300 ಕೋಟಿ ವರ್ಷದ್ದು. ಮಗಳು ಮನಸ್ಸಲ್ಲೇ ಕಳೆದು, "ಹಾಗಾದ್ರೆ ಇನ್ನೂ 1160 ಹೆಜ್ಜೆ" ಅಂದಳು.

ಅಜ್ಜಿಯ ಮಂಡಿ ಆಗಲ್ಲ ಅಂತು. ನಾವು ಮೂವರು ಬೆಂಚಲ್ಲಿ ಉಳಿದೆವು. ಅಪ್ಪನ ಒಂದು ದೊಡ್ಡ ಹೆಜ್ಜೆಗೆ ಒಂದು ಮೀಟರ್ ಅಂತ ಒಪ್ಪಂದ ಮಾಡಿಕೊಂಡು ಅಪ್ಪ ಮಗಳು ಎಣಿಸುತ್ತಾ ಹೊರಟರು. ಕಾಲು ಗಂಟೆ ಮೇಲಾಯಿತು. ಆಮೇಲೆ ಫೋನು: "ಅಮ್ಮಾ, ಅಜ್ಜಿಗೆ ಹೇಳು, ಲಾಲ್‌ಬಾಗ್ ಸಿಕ್ತು! ಬ್ರೈಟ್ ಏಂಜಲ್ ಲಾಡ್ಜ್ ದಾಟಿ, ಕಸದ ಡಬ್ಬಿ ಪಕ್ಕ." ಹಿಂದೆಯೇ ಒಂದು ಫೋಟೋ ಬಂತು. ಡಬ್ಬಿ ಮುಂದೆ ಅವಳ ಎರಡು ಶೂ.

ವಾಪಸ್ ಬರುವಾಗ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಲೊವೆಲ್ ವೀಕ್ಷಣಾಲಯಕ್ಕೆ ಹೋದೆವು, 1930ರಲ್ಲಿ ಪ್ಲೂಟೋ ಸಿಕ್ಕ ಜಾಗ. ಪ್ಲೂಟೋ ಗ್ರಹವೇ ಅಲ್ಲ ಅಂತ ವಿಜ್ಞಾನಿಗಳು ತೀರ್ಮಾನಿಸಿದ ಮೇಲೂ ಅರಿಜೋನಾ 2024ರಲ್ಲಿ ಅದನ್ನೇ ರಾಜ್ಯದ ಅಧಿಕೃತ ಗ್ರಹ ಅಂತ ಕಾನೂನು ಮಾಡಿದೆ. ಮಕ್ಕಳು ದೂರದರ್ಶಕದ ಸಾಲಲ್ಲೇ ನಿದ್ದೆ ತೂಗುತ್ತಿದ್ದರು, ಏನೂ ನೋಡಲಿಲ್ಲ.

ಜನವರಿಯಲ್ಲಿ ಅಮ್ಮ ಬೆಂಗಳೂರಿಗೆ ಹೋದರು. ವಾರದ ನಂತರ ಮಗಳಿಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಲಾಲ್‌ಬಾಗ್ ಬಂಡೆಯ ಮೇಲಿನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಫಲಕ, ಬೆಳಗಿನ ಬಿಸಿಲಿಗೆ ಅಕ್ಷರ ಅರ್ಧ ಬೆಳ್ಳಗೆ. ಕೆಳಗೆ ಅಮ್ಮನ ಬಾಟಾ ಚಪ್ಪಲಿಯ ಎರಡು ತುದಿ.